ಬೆಳವಣಿಗೆ ಕಂಡುಬಂದಿಲ್ಲ

ಫೆಬ್ರವರಿ 3

ಅಮ್ಮಾ,

ಈ ಸಲವೂ ನಿಲ್ಲಲಿಲ್ಲ. ಮೊದಲು ಅದನ್ನೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದದ ಕೊನೆಯವರೆಗೂ ಉಸಿರು ಬಿಗಿಹಿಡಿದು ಓದುತ್ತೀಯ. ರಕ್ತಪರೀಕ್ಷೆಯ ಚೀಟಿ ಕೊಡುವಾಗ ನರ್ಸು ನನ್ನ ಮುಖ ನೋಡದೆ ಚೀಟಿಯನ್ನೇ ನೋಡುತ್ತಿದ್ದಳು. ಅಲ್ಲೇ ಗೊತ್ತಾಯಿತು.

ಮೂರು ಭ್ರೂಣಗಳಲ್ಲಿ ಎರಡು ಹೋದವು. ಇನ್ನು ಆಸ್ಪತ್ರೆಯ ಫ್ರೀಜರಿನಲ್ಲಿರುವುದು ಒಂದೇ ಒಂದು. ನನಗೆ ಮೂವತ್ತೊಂಬತ್ತು. ಮತ್ತೆ ಸೂಜಿ ಚುಚ್ಚಿಸಿಕೊಂಡು ಅಂಡಾಣು ತೆಗೆಸಿದರೂ ಸಿಗುತ್ತವೆ ಎಂಬ ಖಾತ್ರಿ ಇಲ್ಲವಂತೆ. ಹಾಗಾಗಿ ಇದೇ ನಮ್ಮ ಕೊನೆಯದು ಎಂದುಕೋ.

ಫೋನ್ ಮಾಡಬೇಡ. ಮೂವತ್ತೊಂದು ವರ್ಷ ಆಸ್ಪತ್ರೆಯ ಉಪಕರಣ ಬೇಯಿಸುವ ಆ ಹಬೆ ಯಂತ್ರದ ಪಕ್ಕ ನಿಂತು ನಿನ್ನ ಕಿವಿ ಹೋಗಿದೆ. ಇಂಥ ವಿಷಯವನ್ನು ನಾನು ಕೂಗಿ ಹೇಳಿದರೆ ಕೆಳಗಿನ ಮಹಡಿಯವರೂ ಬಂದು ಸಮಾಧಾನ ಹೇಳುತ್ತಾರೆ.

ಇನ್ನೊಂದು ಮಾತು. ಕೊನೆಯದನ್ನು ಗರ್ಭಕ್ಕೆ ಬಿಡುವ ಮೊದಲು ಡಾಕ್ಟರಮ್ಮ ಒಂದು ಪರೀಕ್ಷೆ ಬರೆದಿದ್ದಾರೆ. "ಒಳಗಡೆ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ನೋಡ್ಬೇಕು" ಅಂದರು. ಇವರ ಎದುರಿಗೇ ಹಾಗಂದಾಗ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ನಿನ್ನ ಮಗಳಮ್ಮಾ ನಾನು. ನನ್ನೊಳಗೆ ಬ್ಯಾಕ್ಟೀರಿಯಾ ಹುಡುಕುತ್ತಾರಂತೆ.

ತುಂಬಾ ಭಯವಾಗುತ್ತಿದೆ.

ನಿನ್ನ ಪುಟ್ಟಿ

*

ಫೆಬ್ರವರಿ 9

ಪುಟ್ಟೀ,

ನಿನ್ನ ಕಾಗದ ಓದಿ ಒಲೆಯ ಮೇಲೆ ಹಾಲಿಟ್ಟಿದ್ದು ಮರೆತೆ. ಪಾತ್ರೆ ತಳ ಹಿಡಿಯಿತು. ಅದನ್ನು ಉಜ್ಜುತ್ತಾ ಅತ್ತೆ. ಉಜ್ಜುವಾಗ ಅತ್ತರೆ ಯಾರೂ ಕೇಳುವುದಿಲ್ಲ ನೋಡು.

ಅತ್ತದ್ದಾಯಿತು. ಈಗ ಕೋಪ ಬಂದಿದೆ. ನನ್ನ ಮಗಳೊಳಗೆ ಬ್ಯಾಕ್ಟೀರಿಯಾವೇ? ಆ ಡಾಕ್ಟರಮ್ಮನಿಗೆ ನಾನು ಯಾರೆಂದು ಗೊತ್ತಿಲ್ಲ. ಆಪರೇಷನ್ ಕತ್ತರಿ, ಚಿಮಟ, ತಟ್ಟೆ ಎಲ್ಲ ನನ್ನ ಕೈಯಲ್ಲಿ ತೊಳೆಸಿಕೊಂಡು, ಬೆಂದು, ಕಟ್ಟಾಗಿ ಹೊರಗೆ ಹೋಗುತ್ತಿದ್ದವು. ಒಂದೇ ಒಂದು ದೂರು ಬಂದಿಲ್ಲ. ಅಂಥವಳ ಮಗಳನ್ನು ಪರೀಕ್ಷೆ ಮಾಡುತ್ತಾರಂತೆ! ಮಾಡಲಿ. ನೀನು ಹೆದರಬೇಡ.

ಪರೀಕ್ಷೆಗೆ ಹೋಗುವ ಮುಂಚೆ ಮೂರು ದಿನ ಚೆನ್ನಾಗಿ ತೊಳೆದುಕೋ. ನಾನು ಕಲಿಸಿದ ಹಾಗೆಯೇ, ಕಂದು ಬಾಟಲಿಯ ಕ್ರಿಮಿನಾಶಕ ಬೆರೆಸಿದ ನೀರಲ್ಲಿ, ಒಳಗಿನವರೆಗೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ನಿನ್ನ ಊರಿನ ಅಂಗಡಿಯ ಬಾಟಲಿ ನೀರು ನೀರಾಗಿರುತ್ತದೆ, ನಮ್ಮ ಹಳೆಯ ಕಂಪೆನಿಯದ್ದೇ ಒಂದು ಕಳಿಸಿದ್ದೇನೆ. ಜೊತೆಗೆ ಹನ್ನೆರಡು ಬಿಳಿ ಬಟ್ಟೆ. ಕುಕ್ಕರಿನಲ್ಲಿ ಬೇಯಿಸಿ ಕಟ್ಟು ಕಟ್ಟಿ ನಮ್ಮ ಪಟ್ಟೆ ಟೇಪು ಅಂಟಿಸಿದ್ದೇನೆ. ಪಟ್ಟೆಗಳು ಕಪ್ಪಾಗಿವೆಯೋ ಇಲ್ಲವೋ ನೋಡಿಯೇ ಬಿಚ್ಚು. ಬಿಳಿಯಾಗಿದ್ದರೆ ಬೆಂದಿಲ್ಲ ಎಂದರ್ಥ, ಮುಟ್ಟಬೇಡ. ಅದೆಲ್ಲ ನಿನಗೆ ಹೇಳಬೇಕೇ? ನೀನೂ ನಮ್ಮ ಕಸುಬಿನವಳೇ.

ಅಳಿಯಂದಿರಿಗೆ ಹೊಟ್ಟೆತುಂಬಾ ಊಟ ಹಾಕು. ಗಂಡಸರು ಇಂಥ ಹೊತ್ತಲ್ಲಿ ಅಳುವುದಿಲ್ಲ, ಉಪವಾಸ ಬೀಳುತ್ತಾರೆ.

ಅಮ್ಮ

*

ಫೆಬ್ರವರಿ 24

ಅಮ್ಮಾ, ಪಾಸು!

ರಿಪೋರ್ಟು ನನ್ನ ಕೈಯಲ್ಲೇ ಇದೆ. ಒಂದೇ ಸಾಲು: "ಬೆಳವಣಿಗೆ ಕಂಡುಬಂದಿಲ್ಲ." ಒಂದು ಬ್ಯಾಕ್ಟೀರಿಯಾವೂ ಇಲ್ಲ!

ನಿನಗೆ ಗೊತ್ತಲ್ಲ, ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ಹಬೆ ಪೆಟ್ಟಿಗೆಯನ್ನು ಪರೀಕ್ಷೆಗೆ ಒಡ್ಡುತ್ತೇವೆ. ಬ್ಯಾಕ್ಟೀರಿಯಾ ಸವರಿದ ಪಟ್ಟಿಯೊಂದನ್ನು ಒಳಗಿಟ್ಟು ಬೇಯಿಸಿ ಲ್ಯಾಬಿಗೆ ಕಳಿಸಿದರೆ ಇದೇ ಸಾಲು ಟೈಪಾಗಿ ಬರುತ್ತದೆ. ಡಾಕ್ಟರು ಸಹಿ ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಅಭ್ಯಾಸಬಲ ನೋಡು, ಕೌಂಟರಿನಲ್ಲಿ ಇದನ್ನು ಓದಿದ ತಕ್ಷಣ ನನಗೂ ಇದಕ್ಕೆ ಮೊಳೆ ಎಲ್ಲಿ ಹೊಡೆಯಲಿ ಅನ್ನಿಸಿತು. ಇವರಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವ ಎಣ್ಣೆಗೈಯಲ್ಲೇ ಐಸ್‌ಕ್ರೀಮ್ ತಂದುಕೊಟ್ಟರು. ಕೈ ತೊಳೆದಿದ್ದೀರಾ ಅಂತ ಕೇಳಿದೆ. "ನಿಮ್ಮಮ್ಮ ಬಂದ್ರಾ ಮನೆಗೆ?" ಅಂತ ಸುತ್ತಲೂ ಹುಡುಕಿದರು. ತಿಂಗಳಾದ ಮೇಲೆ ಮನೆಯಲ್ಲಿ ನಗು ಕೇಳಿಸಿತು.

ಡಾಕ್ಟರಮ್ಮನನ್ನು ನೋಡಲು ಮಾರ್ಚ್ ಹನ್ನೆರಡನೆಯ ತಾರೀಕು ಹೋಗಬೇಕು.

ನಿನ್ನ ಪಾಸಾದ ಪುಟ್ಟಿ

*

ಮಾರ್ಚ್ 1

ಪುಟ್ಟೀ,

ನಾನು ಹೇಳಲಿಲ್ಲವಾ! ನನ್ನ ಕೈಕೆಳಗೆ ಕೆಲಸ ಕಲಿತವರು ಹದಿನೇಳು ಜನ, ಅವರೆಲ್ಲರನ್ನೂ ನೀನು ಮೀರಿಸಿದೆ. ರಿಪೋರ್ಟಿನ ನಕಲು ಕಳಿಸು, ಇಟ್ಟುಕೊಳ್ಳುತ್ತೇನೆ.

ಒಂದೇ ಒಂದು ಯೋಚನೆ ತಲೆ ಕೊರೆಯುತ್ತಿದೆ. ಇಷ್ಟು ಶುದ್ಧವಾಗಿದ್ದೂ ಯಾಕೆ ನಿಲ್ಲುತ್ತಿಲ್ಲ? ಡಾಕ್ಟರಮ್ಮನನ್ನು ಕೇಳು.

ಅಮ್ಮ

*

ಮಾರ್ಚ್ 13

ಅಮ್ಮಾ,

ಕೇಳಿದೆ.

ಅವರು ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ನೋಡಿದರು. ಆಮೇಲೆ "ಏನೂ ಇಲ್ಲ ಅನ್ನೋದು ಒಳ್ಳೇ ಸುದ್ದಿ ಅಲ್ಲಮ್ಮ" ಅಂದರು. ಪಕ್ಕದಲ್ಲಿ ಕೂತ ಇವರು ನಗುತ್ತಿದ್ದವರು ಹಾಗೇ ಬಾಯಿ ಮುಚ್ಚಿದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಅಲ್ಲಿ ಬ್ಯಾಕ್ಟೀರಿಯಾ ಇರ್ಲೇಬೇಕು. ಲ್ಯಾಕ್ಟೋಬ್ಯಾಸಿಲಸ್ ಅಂತ. ಆ ದಾರಿಗೆ ಅವೇ ಕಾವಲು. ಅವು ಹುಳಿ ಮಾಡ್ತವೆ, ಆ ಹುಳಿಗೆ ಕೆಟ್ಟವು ಹತ್ರ ಸುಳಿಯಲ್ಲ. ಅವು ಕಡಿಮೆ ಇರೋ ಹೆಂಗಸರಲ್ಲಿ ಭ್ರೂಣ ನಿಲ್ಲೋದೂ ಕಡಿಮೆ ಅಂತ ಕೆಲವು ಅಧ್ಯಯನ ಹೇಳ್ತವೆ. ಎಲ್ಲವೂ ಹೇಳಲ್ಲ. ಆದ್ರೆ ನಿಮ್ಮ ಹತ್ರ ಇರೋದು ಒಂದೇ ಭ್ರೂಣ, ನಾನು ನೋಡದೆ ಇರೋಕಾಗಲ್ಲ." ಆಮೇಲೆ ಪೆನ್ನು ಹಿಡಿದು ಕೇಳಿದರು: "ನೀವು ಒಳಗಡೆ ಏನಾದ್ರೂ ಹಾಕಿ ತೊಳ್ಕೊಳ್ತೀರಾ?"

ಇಲ್ಲ ಅಂದೆ.

ಅವರ ಮಾತು ಮುಗಿಯುವ ಮುಂಚೆಯೇ ಅಂದೆ. ನನ್ನ ಬೆರಳಲ್ಲಿ ಆ ಬಾಟಲಿಯ ವಾಸನೆ ಇತ್ತು, ಕೈಯನ್ನು ಚೀಲದ ಕೆಳಗೆ ಇಟ್ಟುಕೊಂಡೆ.

ನನಗೆ ಹನ್ನೆರಡು ವರ್ಷವಿದ್ದಾಗ ನೀನು ಬಚ್ಚಲ ಬಾಗಿಲು ಹಾಕಿಕೊಂಡು ಕಲಿಸಿದ್ದು. ಇಪ್ಪತ್ತೇಳು ವರ್ಷ ಒಂದು ದಿನ ತಪ್ಪಿಸಿಲ್ಲ. ಮೊದಲ ಭ್ರೂಣ ಬಿಡುವ ದಿನ ಬೆಳಗ್ಗೆ ತೊಳೆದುಕೊಂಡು ಹೋದೆ. ಎರಡನೆಯದಕ್ಕೆ ಭಯ ಜಾಸ್ತಿಯಾಗಿತ್ತು, ಹಾಗಾಗಿ ಎರಡು ಸಲ ತೊಳೆದುಕೊಂಡೆ. ಅಮ್ಮಾ, ನನ್ನ ಕೈಯಿಂದಲೇ?

ನಿನ್ನೆ ಬಾಟಲಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದೆ. ಇವತ್ತು ಬೆಳಗ್ಗೆ ಬೀಗ ತೆಗೆದೆ. ತೊಳೆಯದಿದ್ದರೆ ಮೈಮೇಲೆ ಹುಳ ಹರಿದ ಹಾಗಾಗುತ್ತದೆ. ತೊಳೆದರೆ ಎದೆ ಝಲ್ಲೆನ್ನುತ್ತದೆ. ಇನ್ನು ಎರಡು ವಾರಕ್ಕೆ ಮತ್ತೊಂದು ಪರೀಕ್ಷೆ. ಏನು ಮಾಡಲಿ ಹೇಳು.

ಪುಟ್ಟಿ

*

ಏಪ್ರಿಲ್ 2

ಪುಟ್ಟೀ,

ಉತ್ತರ ತಡವಾಯಿತು. ಸುಮ್ಮನೆ ಕೂತಿರಲಿಲ್ಲ. ನನ್ನ ಹಳೆಯ ಆಸ್ಪತ್ರೆಗೆ ಹೋಗಿ ಲ್ಯಾಬಿನ ಮೇಷ್ಟ್ರನ್ನು ಕಂಡೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೇ ತಲೆ ನರೆತ ಮನುಷ್ಯ, ನಮಗೆಲ್ಲ ಪಾಠ ಹೇಳಿದವರು. ಪಕ್ಕದ ಮನೆಯ ಹುಡುಗಿಯ ವಿಷಯ ಅಂತ ಸುಳ್ಳು ಹೇಳಿ ಕೇಳಿದೆ.

ಅವರು ಬಿದ್ದು ಬಿದ್ದು ನಕ್ಕರು. "ಅಯ್ಯೋ, ಆ ಹುಡುಗಿ ತನ್ನನ್ನ ಕತ್ತರಿ ಅಂದ್ಕೊಂಡ್ಲಾ, ಬೇಯಿಸಿ ಇಡೋಕೆ? ಕತ್ತರಿಗೆ ಜೀವ ಇಲ್ಲ, ಅದ್ರ ಮೇಲೆ ಏನೂ ಇರಬಾರ್ದು. ಜೀವ ಇರೋ ಕಡೆ ಜೀವ ಇರ್ಬೇಕು. ಮಗು ಹುಟ್ಟುವಾಗ ಆ ದಾರೀಲಿ ಬರ್ತಾ ಅಮ್ಮನ ಬ್ಯಾಕ್ಟೀರಿಯಾ ಮೈಗೆ ಮೆತ್ಕೊಂಡೇ ಬರುತ್ತೆ. ಅದೇ ಅದ್ರ ಮೊದಲ ಬಟ್ಟೆ" ಅಂದರು. ನಾನೂ ಜೊತೆಗೆ ನಕ್ಕೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾವಲುಗಾರ ನೀರು ತಂದುಕೊಟ್ಟ.

ತೊಳೆಯುವುದನ್ನು ನಿಲ್ಲಿಸು. ಇವತ್ತೇ. ಡಾಕ್ಟರಮ್ಮನಿಗೆ ಏನೂ ಹೇಳಬೇಕಿಲ್ಲ. ನಿಲ್ಲಿಸಿದರೆ ಆಯಿತಲ್ಲ, ಹಳೆಯದನ್ನು ಕೆದಕಿ ಏನು ಸಿಗುತ್ತದೆ?

ಅಮ್ಮ

*

ಏಪ್ರಿಲ್ 11

ಅಮ್ಮಾ,

ಎರಡನೆಯ ರಿಪೋರ್ಟು ಬಂತು. ಪರೀಕ್ಷೆಗೆ ಮುಂಚೆ ಹತ್ತು ದಿನ ಹಲ್ಲು ಕಚ್ಚಿ ಬಾಟಲಿ ಮುಟ್ಟಿರಲಿಲ್ಲ. ಈ ಸಲ ಒಂದು ಸಾಲಲ್ಲ, ಒಂದು ಪುಟ. ಇರಬೇಕಾದವು ಇಲ್ಲ, ಇರಬಾರದವೆಲ್ಲ ಬಂದು ಕೂತಿವೆ. ಕಾವಲಿಲ್ಲದ ಮನೆಗೆ ಮತ್ತಿನ್ಯಾರು ಬರುತ್ತಾರೆ?

ಡಾಕ್ಟರಮ್ಮ ಮತ್ತೆ ಕೇಳಿದರು. ನೀನು ಹೇಳಿಕೊಟ್ಟ ಹಾಗೆ ಮತ್ತೆ ಇಲ್ಲ ಅಂದೆ. ಅವರು ಫೈಲು ಮುಚ್ಚಿದರು. "ಕಾರಣ ಗೊತ್ತಾಗದೆ ಕೊನೇದನ್ನ ಬಿಡೋಕೆ ನಂಗೆ ಧೈರ್ಯ ಇಲ್ಲ, ಕಾಯೋಣ" ಅಂದರು. ಎಷ್ಟು ದಿನ ಅಂತ ಹೇಳಲಿಲ್ಲ. ನನ್ನ ವಯಸ್ಸು ಕಾಯುತ್ತದಾ?

ಹೇಳಬೇಡ ಅಂದೆಯಲ್ಲ, ಯಾಕೆ? ನನಗೆ ಅವಮಾನವಾಗುತ್ತದೆ ಅಂತಲೋ, ನಿನಗಾಗುತ್ತದೆ ಅಂತಲೋ? ಪಕ್ಕದ ಮನೆಯ ಹುಡುಗಿಯಂತೆ! ಮೇಷ್ಟ್ರ ಮುಂದೆ ಕೂಡ ನನ್ನನ್ನು ನಿನ್ನ ಮಗಳು ಅನ್ನಲಿಲ್ಲ ನೀನು.

ಸ್ವಲ್ಪ ದಿನ ನನಗೆ ಬರೆಯಬೇಡ.

*

ಮೇ 16

ಪುಟ್ಟೀ,

ಬರೆಯಬೇಡ ಅಂದೆ. ಒಂದು ತಿಂಗಳು ತಡೆದುಕೊಂಡೆ. ಇದೊಂದನ್ನು ಓದಿ ಹರಿದುಹಾಕು ಬೇಕಾದರೆ.

ಒಂದೂ ದೂರು ಬಂದಿಲ್ಲ ಅಂತ ನಿನಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ದೂರು ಬರಲಿಲ್ಲ, ನಿಜ. ಕೇಳು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ನೀನು ಇನ್ನೂ ಹುಟ್ಟಿರಲಿಲ್ಲ. ಹೆರಿಗೆ ಆಪರೇಷನ್ನಿನ ತಟ್ಟೆ ಹಬೆಯಲ್ಲಿತ್ತು. ಇಪ್ಪತ್ತು ನಿಮಿಷ ಇರಬೇಕು. ಥಿಯೇಟರಿನ ಸಿಸ್ಟರು ಬಾಗಿಲು ಬಡಿಯುತ್ತಿದ್ದರು. "ಆಯ್ತೇನೇ, ಅಲ್ಲಿ ಜೀವ ಹೋಗ್ತಿದೆ, ಕೊಡೇ!" ಹನ್ನೆರಡನೆಯ ನಿಮಿಷಕ್ಕೆ ತೆಗೆದೆ. ಟೇಪಿನ ಪಟ್ಟೆ ಕಪ್ಪಾಗಿರಲಿಲ್ಲ, ಕಂದಾಗಿತ್ತು ಅಷ್ಟೆ. ಹೆಬ್ಬೆರಳಿನಿಂದ ಅದನ್ನು ಮುಚ್ಚಿ ಹಿಡಿದು ಕೊಟ್ಟೆ.

ಆ ಹೆಂಗಸಿಗೆ ಮೂರನೆಯ ದಿನ ಜ್ವರ. ಆರನೆಯ ದಿನ ಇಲ್ಲವಾದಳು. ಮಗು ಉಳಿಯಿತು. ಅವಳಮ್ಮ ಅದನ್ನು ಎತ್ತಿಕೊಂಡು ನಮ್ಮ ಕೋಣೆಯ ಮುಂದಿನ ಓಣಿಯಲ್ಲೇ ಹೋದಳು. ದೊಡ್ಡ ಡಾಕ್ಟರು ಜ್ವರಕ್ಕೆ ನೂರು ಕಾರಣ ಇರುತ್ತವೆ ಅಂದರು. ಆ ತಟ್ಟೆಯಿಂದಲೇ ಅಂತ ಯಾರೂ ಹೇಳಲಿಲ್ಲ. ತಟ್ಟೆಯಿಂದ ಅಲ್ಲ ಅಂತಲೂ ಯಾರೂ ಹೇಳಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಮೇಲೆ ಯಾರು ಬಡಿದರೂ ಇಪ್ಪತ್ತು ನಿಮಿಷಕ್ಕೆ ಮುಂಚೆ ನಾನು ಬಾಗಿಲು ತೆಗೆದಿಲ್ಲ. ನೀನು ಹುಟ್ಟಿದೆ, ಹೆಣ್ಣು. ಮುಂದೊಂದು ದಿನ ಇವಳೂ ಹೆರಬೇಕಲ್ಲ, ಇವಳಿಗೂ ಜ್ವರ ಬಂದರೆ ಅಂತ ಅವತ್ತೇ ಭಯ ಹಿಡಿಯಿತು. ನೀನು ದೊಡ್ಡವಳಾದ ದಿನ ಬಾಟಲಿ ನಿನ್ನ ಕೈಗೆ ಕೊಟ್ಟೆ. ಯಾವ ಡಾಕ್ಟರೂ ಹೇಳಿರಲಿಲ್ಲ, ಯಾವ ನರ್ಸೂ ಹೇಳಿರಲಿಲ್ಲ. ನನ್ನ ಭಯವನ್ನೇ ನಿನಗೆ ಕಲಿಸಿದ್ದು.

ಪಕ್ಕದ ಮನೆಯ ಹುಡುಗಿ ಅಂದದ್ದು ತಪ್ಪು. ಹೇಳಬೇಡ ಅಂದದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನನ್ನು ಯಾರೂ ಕೇಳದೆ ಹೋದರು. ನಿನ್ನನ್ನು ಎರಡು ಸಲ ಕೇಳಿದ್ದಾರೆ. ಹೇಳಿಬಿಡು ಮಗಳೇ. ನಮ್ಮಮ್ಮನೇ ಕಲಿಸಿದ್ದು ಅಂತಲೂ ಹೇಳು.

ನಿನ್ನ ತಾಯಿ

*

ಜೂನ್ 7

ಅಮ್ಮಾ,

ಹರಿಯಲಿಲ್ಲ.

ಹೇಳಿದೆ. ಡಾಕ್ಟರಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟು "ಎಷ್ಟು ವರ್ಷದಿಂದ?" ಅಂತ ಮೆಲ್ಲಗೆ ಕೇಳಿದರು. ಇಪ್ಪತ್ತೇಳು ಅಂದೆ. "ಯಾಕಮ್ಮ ಮುಂಚೆ ಹೇಳಲಿಲ್ಲ?" ಅಂದರು. ಗಲೀಜು ಅಂದುಕೊಳ್ಳುತ್ತೀರಿ ಅಂತ ಭಯ, ಅಂದೆ. ಇಪ್ಪತ್ತೇಳು ವರ್ಷ ತೊಳೆದವಳ ಬಾಯಿಂದ ಆ ಮಾತು ಬಂದದ್ದು ಕೇಳಿ ನನಗೇ ನಗು ಬಂತು, ನಗುತ್ತಾ ಅಳು ಬಂತು. ಅವರು ನನ್ನ ಕೈ ಹಿಡಿದುಕೊಂಡರು, ವಾಸನೆಯಿದ್ದ ಕೈಯನ್ನೇ.

ಆ ಎರಡು ಭ್ರೂಣ ಹೋದದ್ದು ಇದರಿಂದಲೇನಾ ಅಂತ ಕೇಳಿದೆ. "ಇದ್ರಿಂದಾನೇ ಅಂತ ನಾನು ಹೇಳಲ್ಲ. ಇದ್ರಿಂದ ಅಲ್ಲ ಅಂತಾನೂ ಹೇಳೋಕಾಗಲ್ಲ" ಅಂದರು. ನಿನ್ನ ಕಾಗದದ ಸಾಲೇ ಎದುರಿಗೆ ಕೂತು ಮಾತಾಡಿದ ಹಾಗಾಯಿತು. ನೀನು ಈ ಮಾತನ್ನು ಎದೆಯಲ್ಲಿಟ್ಟುಕೊಂಡು ಹೇಗಮ್ಮಾ ಇಷ್ಟು ವರ್ಷ ಅನ್ನ ತಿಂದೆ?

ಏಳು ದಿನ ಔಷಧಿ ಕೊಟ್ಟಿದ್ದಾರೆ, ಕೆಟ್ಟವು ಹೋಗಲು. ಒಳ್ಳೆಯವು ತಾವಾಗಿ ಬರಬೇಕಂತೆ, ಬರಲೂಬಹುದು, ಬರದೆಯೂ ಇರಬಹುದು. ನಾನು ಮಾಡಬೇಕಾದದ್ದು ಒಂದೇ, ಏನೂ ಮಾಡದಿರುವುದು. ಹೊರಗಿನಿಂದ ಬರೀ ನೀರು, ಅಷ್ಟೆ.

ಇವರಿಗೂ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಲಿಫ್ಟ್ ಕೆಲ್ಸದಲ್ಲಿ ಮೊದಲ ಪಾಠ ಏನು ಗೊತ್ತಾ? ಒಳಗೆ ಜನ ಇದ್ದಾರಾ ಅಂತ ನೋಡ್ದೆ ಕರೆಂಟ್ ತೆಗೀಬಾರ್ದು" ಅಂದರು. ಎದ್ದು ಬಾಟಲಿಯನ್ನು ಮೋರಿಗೆ ಸುರಿದರು. ನಾನು ತಡೆಯಲಿಲ್ಲ, ಆದರೆ ಖಾಲಿ ಬಾಟಲಿಯನ್ನು ಅವರು ಎಲ್ಲಿ ಎಸೆದರು ಅಂತ ನೋಡಿಕೊಂಡೆ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಪುಟ್ಟಿ

*

ಆಗಸ್ಟ್ 4

ಅಮ್ಮಾ,

ಬಂದಿವೆ! ಮೂರನೆಯ ರಿಪೋರ್ಟಿನಲ್ಲಿ ಮೊದಲ ಹೆಸರೇ ಲ್ಯಾಕ್ಟೋಬ್ಯಾಸಿಲಸ್. ಯಾವುದೋ ಬಂಧುವಿನ ಹೆಸರು ಕಂಡ ಹಾಗೆ ಕಣ್ಣಿಗೆ ಒತ್ತಿಕೊಂಡೆ. ಹನ್ನೆರಡನೆಯ ತಾರೀಕು ಬೆಳಗ್ಗೆ ಹತ್ತಕ್ಕೆ ಕೊನೆಯದನ್ನು ಬಿಡುತ್ತಾರೆ.

ನನಗೆ ಭಯ ಆ ಆಸ್ಪತ್ರೆಯದಲ್ಲ. ಅವತ್ತು ಬೆಳಗ್ಗೆ ಏಳಕ್ಕೆ ಬಚ್ಚಲಲ್ಲಿ ಒಬ್ಬಳೇ ಇರುತ್ತೇನಲ್ಲ, ಅದರದು. ಮೊನ್ನೆ ಕ್ಲಿನಿಕ್ಕಿನಲ್ಲಿ ಉಪಕರಣ ತೊಳೆಯುವ ದ್ರವದ ಡಬ್ಬಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ. ಯಾಕೆ ನಿಂತೆ ಅಂತ ಗೊತ್ತಿಲ್ಲ. ಹಲ್ಲಿನ ಡಾಕ್ಟರು ಕರೆದಾಗ ಬೆಚ್ಚಿಬಿದ್ದೆ. ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ.

ನೀನು ಬರುತ್ತೀಯಾ?

ಪುಟ್ಟಿ

*

ಆಗಸ್ಟ್ 8

ಪುಟ್ಟೀ,

ಬರಲಾರೆ. ಟಿಕೆಟು ತೆಗೆದೆ, ವಾಪಸ್ಸು ಕೊಟ್ಟೆ. ಬಂದರೆ ನಿನ್ನ ಬಚ್ಚಲು ತೊಳೆಯುತ್ತೇನೆ, ಹಾಸಿಗೆ ಬೇಯಿಸುತ್ತೇನೆ, ಕೊನೆಗೆ ನಿನ್ನನ್ನು ನೋಡಿ "ಒಂದೇ ಒಂದು ಸಲ, ಚೂರೇ ಚೂರು" ಅನ್ನುತ್ತೇನೆ. ನನ್ನ ಬಾಯಿ ನನಗೆ ಗೊತ್ತು. ನೀನು ಬೇಡ ಅನ್ನಲಾರೆ, ಅದೂ ಗೊತ್ತು.

ಅವತ್ತು ಏಳು ಗಂಟೆಗೆ ಅಳಿಯಂದಿರನ್ನು ಬಚ್ಚಲ ಬಾಗಿಲಲ್ಲಿ ನಿಲ್ಲಿಸಿಕೋ. ಜೋರಾಗಿ ಏನಾದರೂ ಮಾತಾಡುತ್ತಿರಲಿ. ನಾನು ಇಲ್ಲಿ ಅದೇ ಹೊತ್ತಿಗೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ಒಂದು ಲೋಟವನ್ನೂ ತೊಳೆಯುವುದಿಲ್ಲ.

ಅಮ್ಮ

*

ಸೆಪ್ಟೆಂಬರ್ 19

ಅಮ್ಮಾ,

ನಿಂತಿದೆ ಎಂಬ ರಕ್ತಪರೀಕ್ಷೆಯ ಸುದ್ದಿಯನ್ನು ಒಂದೇ ಸಾಲಿನ ಕಾರ್ಡಿನಲ್ಲಿ ಬರೆದು ಸುಮ್ಮನಾದೆ. ಹೆಚ್ಚು ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಎದೆಬಡಿತ ಕಂಡಿತು. ಪರದೆಯ ಮೇಲೆ ಒಂದು ಚುಕ್ಕೆ ಪಟಪಟ ಅನ್ನುತ್ತಿತ್ತು. ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು, ಯಾಕೆ ಅಂತ ಕೇಳಿದರೆ ಗೊತ್ತಿಲ್ಲ ಅಂದರು.

ಇವರು ಅವತ್ತು ಬಚ್ಚಲ ಬಾಗಿಲಲ್ಲಿ ನಿಂತು ಲಿಫ್ಟಿನ ಬಿಡಿಭಾಗಗಳ ಹೆಸರೆಲ್ಲ ಕೂಗಿ ಹೇಳುತ್ತಿದ್ದರು. ಅದನ್ನೊಂದು ದಿನ ಈ ಮಗುವಿಗೆ ಹೇಳಬೇಕು. ಹೇಳುವ ಹಾಗಾದರೆ.

ಭಯ ಹೋಗಿಲ್ಲ. ಮೊನ್ನೆ ಒಂದು ಕಂದು ಕಲೆ ಕಂಡು ಗೋಡೆ ಹಿಡಿದು ಕೂತೆ. ಡಾಕ್ಟರಮ್ಮ ಕಾಯಬೇಕು ಅಂದರು, ಏನೂ ಮಾತು ಕೊಡಲಿಲ್ಲ. ನಿನ್ನ ಕೈಯದು ಏನಾದರೂ ಕಳಿಸು. ಹತ್ತಿರ ಇಟ್ಟುಕೊಳ್ಳುತ್ತೇನೆ.

ಪುಟ್ಟಿ

*

ಸೆಪ್ಟೆಂಬರ್ 27

ಪುಟ್ಟೀ,

ಈ ಕಾಗದದ ಜೊತೆ ಒಂದು ಕಟ್ಟು ಇದೆ. ನನ್ನ ಹಳೆಯ ಹೊದಿಕೆಯನ್ನು ಕತ್ತರಿಸಿ ಅಂಚು ಹೊಲಿದ ಆರು ಪುಟ್ಟ ಬಟ್ಟೆ. ಮಗುವಿಗೆ ಅಂತ ಬರೆಯಲು ಹೆದರಿಕೆ. ಆದರೂ ಮಗುವಿಗೇ.

ಮೊದಲು ಕುಕ್ಕರಿನಲ್ಲಿ ಬೇಯಿಸಿದೆ. ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡು. ಪಟ್ಟೆ ಕಪ್ಪಾಯಿತು. ಎದುರಿಗೆ ಇಟ್ಟುಕೊಂಡು ಒಂದು ದಿನವೆಲ್ಲ ಕೂತೆ. ಮೊದಲ ಬಟ್ಟೆ ಅಂದಿದ್ದ ಮೇಷ್ಟ್ರ ಮಾತು ಕಿವಿಯಲ್ಲಿತ್ತು. ಮಾರನೆಯ ದಿನ ಬಿಚ್ಚಿದೆ. ಬರೀ ನಲ್ಲಿ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದೆ. ಅವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ, ಕೆನ್ನೆಗೆ ಒತ್ತಿಕೊಂಡೆ, ಮೂರು ರಾತ್ರಿ ದಿಂಬಿನ ಮೇಲೆ ಹಾಸಿಕೊಂಡು ಮಲಗಿದೆ. ಆಮೇಲೆ ಕೈ ತೊಳೆಯದೆ ಮಡಚಿ, ಹೊಸ ಟೇಪು ಅಂಟಿಸಿದೆ.

ಬಿಚ್ಚುವ ಮುಂಚೆ ಟೇಪು ನೋಡು. ಪಟ್ಟೆಗಳು ಬಿಳಿಯಾಗಿಯೇ ಇವೆ. ಈ ಸಲ ಹೆಬ್ಬೆರಳಿನಿಂದ ಮುಚ್ಚಿಲ್ಲ. ಬೆಂದಿಲ್ಲ ಪುಟ್ಟೀ, ಗೊತ್ತಿದ್ದೇ ಕಳಿಸುತ್ತಿದ್ದೇನೆ.

ಧೈರ್ಯ ಮಾಡಿ ಮುಟ್ಟು.

ಅಮ್ಮ